ತುಟಿ ಯಾರದು, ದನಿ ಯಾರದು?

(ಕಾಲೇಜೊಂದರ ಸಾಂಸ್ಕೃತಿಕ ಸಂಘದ ಕಾರ್ಯಕ್ರಮದಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹ ರೂಪ)

ಯಕ್ಷಗಾನ ನೋಡಿದವರು ಇಲ್ಲಿ ಬಹಳ ಮಂದಿ ಇರಬೇಕು. ರಂಗದ ಮೇಲೆ ಅರ್ಜುನ ಕುಣಿಯುತ್ತಾನೆ. ಆದರೆ ಹಾಡುವವನು ಅವನಲ್ಲ, ಹಿಂದೆ ಕುಳಿತಿರುವ ಭಾಗವತರು. ಅರ್ಜುನನ ಸಿಟ್ಟು, ಸಂಕಟ, ಶೃಂಗಾರ ಎಲ್ಲವೂ ಪದ್ಯವಾಗಿ ಹೊರಡುವುದು ಅವರ ಕಂಠದಿಂದ. ಹಾಗೆಂದು ‘ಇದು ಮೋಸ, ಅರ್ಜುನ ಹಾಡುತ್ತಿಲ್ಲ’ ಎಂದು ಯಾರಾದರೂ ಎದ್ದು ಹೋದದ್ದುಂಟೆ? ಇಲ್ಲ. ಭಾಗವತರು ಎಲ್ಲರ ಕಣ್ಣೆದುರಿಗೇ ಇದ್ದಾರೆ. ಭಾಗವತರು ಯಾರೆಂದು ಕೇಳಿಕೊಂಡೇ ಆಟಕ್ಕೆ ಹೊರಡುವ ಪ್ರೇಕ್ಷಕರೂ ಇದ್ದಾರೆ. ಭರತನಾಟ್ಯದಲ್ಲೂ ಹಾಗೆಯೇ. ಅಭಿನಯ ನರ್ತಕಿಯದು, ಹಾಡು ವೇದಿಕೆಯ ಪಕ್ಕದಲ್ಲಿ ಕುಳಿತವರದು.

ಈಗ ಇನ್ನೊಂದು ಸಂಗತಿ ನೋಡಿ. 1990ರ ನವೆಂಬರ್‌ನಲ್ಲಿ ಅಮೆರಿಕದ ಸಂಗೀತ ಲೋಕದ ದೊಡ್ಡ ಗೌರವವಾದ ಗ್ರ್ಯಾಮಿ ಪ್ರಶಸ್ತಿಯನ್ನು ಇಬ್ಬರು ಯುವಕರಿಂದ ವಾಪಸು ಪಡೆಯಲಾಯಿತು. ಅವರ ಮೇಲಿದ್ದ ಆರೋಪ ಏನು? ಅವರು ತುಟಿ ಅಲ್ಲಾಡಿಸಿದರು, ಹಾಡಿದವರು ಬೇರೆ. ಅರ್ಜುನನ ವೇಷಧಾರಿಗೆ ಚಪ್ಪಾಳೆ, ಇವರಿಗೆ ಛೀಮಾರಿ. ಈ ವ್ಯತ್ಯಾಸ ಎಲ್ಲಿಂದ ಬಂತು? ಇವತ್ತು ನಾನು ನಿಮ್ಮ ಮುಂದೆ ಬಿಡಿಸಬೇಕೆಂದಿರುವ ಪ್ರಶ್ನೆ ಇದೇ.

ಮೊದಲೇ ಹೇಳಿಬಿಡುತ್ತೇನೆ, ನಾನು ಸಂಗೀತಗಾರನಲ್ಲ, ಪತ್ರಿಕೆಯ ವರದಿಗಾರ. ಆದ್ದರಿಂದ ರಾಗ, ಶ್ರುತಿಗಳ ಬಗ್ಗೆ ಅಲ್ಲ, ವರದಿಗಾರನಿಗೆ ಚೆನ್ನಾಗಿ ಅರ್ಥವಾಗುವ ಒಂದು ವಿಷಯದ ಬಗ್ಗೆ ಮಾತನಾಡುತ್ತೇನೆ. ಅದು ಹೆಸರು. ಕೆಲಸ ಮಾಡಿದವನ ಹೆಸರು.

ಮೊದಲು ಹಾಡು, ಆಮೇಲೆ ಚಿತ್ರ

‘ಲಿಪ್ ಸಿಂಕ್’ ಎಂದರೆ ಮೊದಲೇ ಮುದ್ರಿಸಿಟ್ಟ ಹಾಡಿಗೆ ಸರಿಯಾಗಿ ತುಟಿ ಹೊಂದಿಸುವುದು. ಈ ವಿದ್ಯೆ ಹುಟ್ಟಿದ್ದು ಸಿನಿಮಾ ಮಾತನಾಡಲು ಕಲಿತ ಕಾಲದಲ್ಲಿ. 1929ರಲ್ಲಿ ಹಾಲಿವುಡ್‌ನ ಎಂಜಿಎಂ ಸಂಸ್ಥೆ ‘ದಿ ಬ್ರಾಡ್‌ವೇ ಮೆಲೊಡಿ’ ಎಂಬ ಚಿತ್ರ ತೆಗೆಯಿತು. ಅದರ ಒಂದು ನೃತ್ಯದೃಶ್ಯವನ್ನು ಮತ್ತೆ ಚಿತ್ರೀಕರಿಸಬೇಕಾಗಿ ಬಂತು. ವಾದ್ಯವೃಂದವನ್ನೆಲ್ಲ ಮತ್ತೆ ಕರೆಸುವುದೇಕೆ, ಸಂಗೀತ ಹೇಗೂ ಚೆನ್ನಾಗಿ ಮುದ್ರಣವಾಗಿದೆಯಲ್ಲ, ಅದನ್ನೇ ಧ್ವನಿವರ್ಧಕದಲ್ಲಿ ಹಾಕಿ ಕುಣಿಸಿದರಾಯಿತು ಎಂದು ಶಬ್ದ ವಿಭಾಗದ ಡಗ್ಲಸ್ ಶಿಯರರ್ ಸಲಹೆ ಕೊಟ್ಟರು. ಖರ್ಚು ಉಳಿಸಲು ಹೂಡಿದ ಉಪಾಯ ಮುಂದೆ ಪದ್ಧತಿಯೇ ಆಯಿತು.

ನಮ್ಮಲ್ಲಿ ಆರಂಭದ ಟಾಕಿಗಳಲ್ಲಿ ನಟರೇ ಹಾಡುತ್ತಿದ್ದರು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಕಂಡದ್ದು 1934ರಲ್ಲಿ. ಅದರ ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾವ್ ಇಬ್ಬರೂ ವೃತ್ತಿ ರಂಗಭೂಮಿಯಿಂದ ಬಂದವರು. ಹಾಡಲು ಬಾರದವರಿಗೆ ನಾಟಕದ ಕಂಪನಿಯಲ್ಲಿ ನಾಯಕನ ಪಾತ್ರ ಸಿಗುತ್ತಿದ್ದ ಕಾಲ ಅದಲ್ಲ. ಮರುವರ್ಷ, 1935ರಲ್ಲಿ, ಕಲ್ಕತ್ತೆಯ ನ್ಯೂ ಥಿಯೇಟರ್ಸ್ ಸಂಸ್ಥೆ ಒಂದೇ ಕಥೆಯನ್ನು ಬಂಗಾಳಿಯಲ್ಲಿ ‘ಭಾಗ್ಯಚಕ್ರ’ ಎಂದೂ ಹಿಂದಿಯಲ್ಲಿ ‘ಧೂಪ್ ಛಾಂವ್’ ಎಂದೂ ತೆಗೆಯಿತು. ನಿರ್ದೇಶಕರು ನಿತಿನ್ ಬೋಸ್, ಸಂಗೀತ ರಾಯ್‌ಚಂದ್ ಬೋರಾಲ್ ಅವರದು. ಭಾರತೀಯ ಚಿತ್ರರಂಗದಲ್ಲಿ ಹಿನ್ನೆಲೆ ಗಾಯನ ಬೇರೂರಿದ್ದು ಅಲ್ಲಿಂದ.

ತುಟಿ ಹೊಂದಿಸುವುದು ಸುಲಭವೆಂದು ತಿಳಿಯಬೇಡಿ. ಹಾಡನ್ನು ಸಾಲುಸಾಲಾಗಿ ತುಂಡರಿಸಿ, ಸೆಟ್ಟಿನಲ್ಲಿ ದೊಡ್ಡದಾಗಿ ಹಾಕುತ್ತಾರೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ ಚೌಕಟ್ಟುಗಳು ಓಡುತ್ತವೆ. ದನಿ ಮತ್ತು ತುಟಿಯ ನಡುವೆ ನಾಲ್ಕಾರು ಚೌಕಟ್ಟಿನ ಅಂತರ ಬಿದ್ದರೂ ಸಾಕು, ಏನೋ ಸರಿಯಿಲ್ಲ ಎಂದು ಕಣ್ಣು ಹೇಳಿಬಿಡುತ್ತದೆ. ಅದರಲ್ಲೂ ಪ, ಬ, ಮ ಅಕ್ಷರಗಳು ಬಹಳ ತುಂಟ. ಅವನ್ನು ಉಚ್ಚರಿಸಲು ತುಟಿ ಮುಚ್ಚಲೇಬೇಕು. ‘ಮ’ ಕೇಳಿಸುವಾಗ ನಟನ ಬಾಯಿ ತೆರೆದಿದ್ದರೆ ಗುಟ್ಟು ರಟ್ಟು. ಇಷ್ಟೇ ಸಾಲದು. ತಾರಸ್ಥಾಯಿಗೆ ಹೋಗುವಾಗ ಕತ್ತಿನ ನರ ಬಿಗಿಯಬೇಕು, ಸಾಲು ಮುಗಿದಾಗ ಉಸಿರು ಎಳೆದುಕೊಳ್ಳಬೇಕು. ಹಾಡದೆಯೇ ಹಾಡಿನ ಶ್ರಮವನ್ನು ಮುಖದಲ್ಲಿ ತರುವುದು ಒಂದು ಅಭಿನಯ.

ಹೆಸರಿಗಾಗಿ ನಡೆದ ಹೋರಾಟ

ಹಾಗಾದರೆ ಹಾಡಿದವರ ಗತಿ ಏನು? ಆರಂಭದಲ್ಲಿ ಅವರು ಕತ್ತಲೆಯಲ್ಲೇ ಇದ್ದರು. 1949ರಲ್ಲಿ ‘ಮಹಲ್’ ಎಂಬ ಹಿಂದಿ ಚಿತ್ರ ಬಂತು. ತೆರೆಯ ಮೇಲೆ ಮಧುಬಾಲಾ, ದನಿ ಲತಾ ಮಂಗೇಶ್ಕರ್ ಎಂಬ ಇಪ್ಪತ್ತರ ಆಸುಪಾಸಿನ ಹುಡುಗಿಯದು. ಹಾಡು ಮನೆಮನೆಗೆ ತಲುಪಿತು. ಆದರೆ ಗ್ರಾಮಫೋನ್ ತಟ್ಟೆಯ ಮೇಲೆ ಗಾಯಕಿಯ ಹೆಸರಿನ ಜಾಗದಲ್ಲಿ ಅಚ್ಚಾಗಿದ್ದದ್ದು ‘ಕಾಮಿನಿ’. ಅದು ಚಿತ್ರದಲ್ಲಿನ ಪಾತ್ರದ ಹೆಸರು! ಈ ದನಿ ಯಾರದು ಎಂದು ಕೇಳುಗರು ರೇಡಿಯೋ ಕೇಂದ್ರಕ್ಕೆ ಪತ್ರ ಬರೆದು ವಿಚಾರಿಸಬೇಕಾಯಿತು.

ಫಿಲ್ಮ್‌ಫೇರ್ ಪ್ರಶಸ್ತಿಗಳು ಶುರುವಾದದ್ದು 1954ರಲ್ಲಿ. ಸಂಗೀತ ನಿರ್ದೇಶಕರಿಗೆ ಬಹುಮಾನವಿತ್ತು, ಹಾಡಿದವರಿಗೆ ಇರಲಿಲ್ಲ. ಈ ತಾರತಮ್ಯವನ್ನು ಲತಾ ಬಹಿರಂಗವಾಗಿಯೇ ಪ್ರತಿಭಟಿಸಿದರು. ಕೊನೆಗೆ 1959ರಲ್ಲಿ ಹಿನ್ನೆಲೆ ಗಾಯನಕ್ಕೂ ಪ್ರಶಸ್ತಿ ಬಂತು. ಮೊದಲ ಬಾರಿ ಅದನ್ನು ಪಡೆದವರು ‘ಮಧುಮತಿ’ ಚಿತ್ರದ ಹಾಡಿಗಾಗಿ ಲತಾ ಅವರೇ. ಆಮೇಲೂ ಕೆಲವು ವರ್ಷ ಗಾಯಕ, ಗಾಯಕಿಯರಿಬ್ಬರಿಗೂ ಸೇರಿ ಒಂದೇ ಪ್ರಶಸ್ತಿ ಇತ್ತು.

ಈ ಹೋರಾಟದ ಫಲವನ್ನು ನಾವೆಲ್ಲ ಉಣ್ಣುತ್ತಿದ್ದೇವೆ. ಕನ್ನಡದಲ್ಲಿ ರಾಜ್‌ಕುಮಾರ್ ಅವರಿಗೆ ದೀರ್ಘಕಾಲ ದನಿಯಾದವರು ಪಿ.ಬಿ. ಶ್ರೀನಿವಾಸ್. ಶರೀರ ರಾಜ್, ಶಾರೀರ ಪಿ.ಬಿ.ಎಸ್. ಎಂಬುದು ಜನರ ಬಾಯಲ್ಲಿದ್ದ ಮಾತು. ಮುಚ್ಚುಮರೆ ಏನೂ ಇರಲಿಲ್ಲ. ಗುಬ್ಬಿ ಕಂಪನಿಯಲ್ಲಿ ಹಾಡಿ ಬೆಳೆದಿದ್ದ ರಾಜ್‌ಕುಮಾರ್ 1974ರ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ಜಿ.ಕೆ. ವೆಂಕಟೇಶ್ ಅವರ ಸಂಗೀತಕ್ಕೆ ತಾವೇ ಹಾಡಿದರು. ಆ ಬಳಿಕ ಅವರು ತಮ್ಮ ಪಾತ್ರಗಳಿಗೆ ತಾವೇ ಗಾಯಕರಾದರು. ‘ಜೀವನ ಚೈತ್ರ’ದ ಹಾಡಿಗೆ 1992ರ ಸಾಲಿನ ಅತ್ಯುತ್ತಮ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿಯೂ ಬಂತು. ಗಮನಿಸಿ, ಸ್ವತಃ ಹಾಡಿದ ಹಾಡಿಗೂ ಅವರು ಕ್ಯಾಮೆರಾ ಮುಂದೆ ತುಟಿ ಹೊಂದಿಸಲೇಬೇಕಿತ್ತು. ಆದ್ದರಿಂದ ತುಟಿ ಹೊಂದಿಸುವುದೇ ತಪ್ಪು ಎಂದರೆ ನಮ್ಮ ಚಿತ್ರಗೀತೆಗಳೆಲ್ಲ ತಪ್ಪೇ ಆಗಬೇಕಾಗುತ್ತದೆ.

ಅಮೆರಿಕದಲ್ಲಿ ಇದೇ ಕೆಲಸ ಗುಟ್ಟಾಗಿ ನಡೆಯಿತು. ಮಾರ್ನಿ ನಿಕ್ಸನ್ ಎಂಬ ಗಾಯಕಿ 1956ರ ‘ದಿ ಕಿಂಗ್ ಅಂಡ್ ಐ’ ಚಿತ್ರದಲ್ಲಿ ಡೆಬೊರಾ ಕೆರ್‌ಗೆ, 1961ರ ‘ವೆಸ್ಟ್ ಸೈಡ್ ಸ್ಟೋರಿ’ಯಲ್ಲಿ ನಟಾಲಿ ವುಡ್‌ಗೆ, 1964ರ ‘ಮೈ ಫೇರ್ ಲೇಡಿ’ಯಲ್ಲಿ ಆಡ್ರೆ ಹೆಪ್‌ಬರ್ನ್‌ಗೆ ದನಿ ಕೊಟ್ಟರು. ಚಿತ್ರಗಳ ಹೆಸರಿನ ಪಟ್ಟಿಯಲ್ಲಿ ಅವರಿಗೆ ಜಾಗವಿರಲಿಲ್ಲ. ಬಾಯಿ ಬಿಟ್ಟರೆ ಮುಂದೆ ಕೆಲಸ ಸಿಗದು ಎಂಬ ಬೆದರಿಕೆ ಇತ್ತೆಂದು ಅವರೇ ನಂತರ ಹೇಳಿಕೊಂಡಿದ್ದಾರೆ. ‘ವೆಸ್ಟ್ ಸೈಡ್ ಸ್ಟೋರಿ’ಯ ಸಂಗೀತಗಾರ ಲಿಯೊನಾರ್ಡ್ ಬರ್ನ್‌ಸ್ಟೈನ್ ತಮಗೆ ಬರುವ ಗೌರವಧನದಲ್ಲೇ ಒಂದು ಸಣ್ಣ ಪಾಲನ್ನು ಆಕೆಗೆ ಬಿಟ್ಟುಕೊಟ್ಟರು. ಅಲ್ಲಿ ಮರೆಮಾಚಿದ್ದನ್ನು ಇಲ್ಲಿ ನಾವು ರೇಡಿಯೋದಲ್ಲಿ ಹೆಸರು ಹಿಡಿದು ಕರೆದೆವು.

ವೇದಿಕೆಯ ಮೇಲೆ ಏಕೆ?

ಸಿನಿಮಾ, ಸಂಗೀತ ವಿಡಿಯೋಗಳ ಮಾತು ಬಿಡಿ. 1981ರ ಆಗಸ್ಟ್‌ನಲ್ಲಿ ಎಂಟಿವಿ ಶುರುವಾದಾಗಿನಿಂದ ವಿಡಿಯೋದಲ್ಲಿ ಹಾಡುಗಾರ ತುಟಿ ಮಾತ್ರ ಆಡಿಸುತ್ತಾನೆಂದು ಎಲ್ಲರಿಗೂ ಗೊತ್ತು. ಬೆಟ್ಟದ ತುದಿಯಲ್ಲಿ ನಿಂತು ಹಾಡುವವನ ಕೈಯಲ್ಲಿ ಮೈಕ್ ಕೂಡ ಇರುವುದಿಲ್ಲ! ಪ್ರಶ್ನೆ ಏಳುವುದು ಟಿಕೆಟ್ ಕೊಂಡು ಎದುರಿಗೆ ಕುಳಿತಾಗ.

ವೇದಿಕೆಯಲ್ಲೂ ಇದರಲ್ಲಿ ಮೆಟ್ಟಿಲುಗಳಿವೆ. ವಾದ್ಯಗಳು ಮಾತ್ರ ಮುದ್ರಿತ, ಹಾಡು ನೇರ ಎಂಬುದು ಒಂದು. ಗಾಯಕ ಹಾಡುತ್ತಾನೆ, ಅದರ ಅಡಿಯಲ್ಲಿ ಅವನದೇ ಮುದ್ರಿತ ದನಿಯೂ ಆಸರೆಯಾಗಿ ಓಡುತ್ತದೆ ಎಂಬುದು ಎರಡನೆಯದು. ಮೈಕ್ ಮುಚ್ಚಿ, ಎಲ್ಲವನ್ನೂ ಯಂತ್ರಕ್ಕೆ ಒಪ್ಪಿಸುವುದು ಮೂರನೆಯದು. ನಮ್ಮ ಆರ್ಕೆಸ್ಟ್ರಾಗಳವರು ‘ಟ್ರ್ಯಾಕ್’ ಎನ್ನುವಾಗ ಈ ಮೂರರಲ್ಲಿ ಯಾವುದು ಬೇಕಾದರೂ ಆಗಿರಬಹುದು.

ಕೆಲವೊಮ್ಮೆ ಕಾರಣ ನ್ಯಾಯವಾದದ್ದೇ. ಒಂದೇ ಸಮನೆ ಜಿಗಿದು ಕುಣಿಯುವವರಿಗೆ ಹಾಡಲು ಉಸಿರು ಸಾಲದು. ಚಳಿಗೆ ಗಂಟಲು ಬಿಗಿಯುತ್ತದೆ, ತಂತಿವಾದ್ಯಗಳ ಶ್ರುತಿ ಕೆಡುತ್ತದೆ. 2009ರ ಜನವರಿ 20ರಂದು ಬರಾಕ್ ಒಬಾಮ ಅಧ್ಯಕ್ಷರಾಗಿ ಪ್ರಮಾಣ ಸ್ವೀಕರಿಸಿದ ದಿನ ವಾಷಿಂಗ್ಟನ್‌ನಲ್ಲಿ ಕೊರೆಯುವ ಚಳಿ. ಪಿಟೀಲಿನ ಇಟ್ಜಾಕ್ ಪರ್ಲ್‌ಮನ್, ಚೆಲ್ಲೊ ವಾದಕ ಯೋ ಯೋ ಮಾ ಸೇರಿದಂತೆ ನಾಲ್ವರು ದಿಗ್ಗಜರು ನುಡಿಸುವಂತೆ ಕಂಡರು. ಜನ ಕೇಳಿದ್ದು ಎರಡು ದಿನ ಮೊದಲು ಅವರೇ ಮುದ್ರಿಸಿದ್ದ ಸಂಗೀತವನ್ನು. 2006ರ ಫೆಬ್ರವರಿ 10ರಂದು ಇಟಲಿಯ ಟ್ಯೂರಿನ್‌ನಲ್ಲಿ ಚಳಿಗಾಲದ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಲೂಚಾನೊ ಪಾವರೊಟ್ಟಿ ಹಾಡಿದ್ದೂ ಹೀಗೆಯೇ ಎಂದು ವಾದ್ಯವೃಂದ ನಿರ್ದೇಶಕ ಲಿಯೋನೆ ಮಾಜಿಯೆರಾ 2008ರಲ್ಲಿ ಪುಸ್ತಕದಲ್ಲಿ ಬರೆದರು. ವಾದ್ಯವೃಂದವೂ ನುಡಿಸುವ ನಟನೆ ಮಾಡಿತ್ತಂತೆ. ಪಾವರೊಟ್ಟಿ ಆಗ ಅಸ್ವಸ್ಥರಾಗಿದ್ದರು. ಅದೇ ವರ್ಷ ಕ್ಯಾನ್ಸರ್ ಪತ್ತೆಯಾಯಿತು, ಮರುವರ್ಷ ತೀರಿಕೊಂಡರು. ಅದು ಅವರ ಕೊನೆಯ ಸಾರ್ವಜನಿಕ ಗಾಯನವಾಯಿತು.

ಇಲ್ಲೆಲ್ಲ ಒಂದು ಅಂಶ ಸಮಾನ. ದನಿ ಮುದ್ರಿತವಾದರೂ ಅದು ಅವರದೇ ದನಿ. 2013ರ ಜನವರಿ 21ರಂದು ಒಬಾಮ ಅವರ ಎರಡನೆಯ ಪ್ರಮಾಣವಚನದಲ್ಲಿ ಬಿಯಾನ್ಸೆ ರಾಷ್ಟ್ರಗೀತೆಗೆ ತಮ್ಮದೇ ಮುದ್ರಿತ ದನಿಯ ಆಸರೆ ಪಡೆದರೆಂದು ಗದ್ದಲ ಎದ್ದಿತು. ಹತ್ತು ದಿನಗಳ ನಂತರ ಅವರು ಪತ್ರಿಕಾಗೋಷ್ಠಿಗೆ ಬಂದು ಮೊದಲು ಅದೇ ಗೀತೆಯನ್ನು ಎಲ್ಲರೆದುರು ಹಾಡಿದರು, ಅನಂತರ ಹೌದೆಂದು ಒಪ್ಪಿಕೊಂಡರು. ಪ್ರಕರಣ ಅಲ್ಲಿಗೆ ಮುಗಿಯಿತು. ಹಾಡಬಲ್ಲವರು ಹಾಡದೇ ಇದ್ದದ್ದನ್ನು ಜನ ಕ್ಷಮಿಸುತ್ತಾರೆ.

ಮಿಲ್ಲಿ ವನಿಲ್ಲಿ ಪ್ರಕರಣ

ಈಗ ಆರಂಭದಲ್ಲಿ ಹೇಳಿದ ಇಬ್ಬರು ಯುವಕರಿಗೆ ಬರೋಣ. ಒಬ್ಬ ಜರ್ಮನಿಯ ರಾಬ್ ಪಿಲಾಟಸ್, ಇನ್ನೊಬ್ಬ ಪ್ಯಾರಿಸ್ಸಿನ ಫ್ಯಾಬ್ ಮೋರ್ವನ್. ಜೋಡಿಯ ಹೆಸರು ಮಿಲ್ಲಿ ವನಿಲ್ಲಿ. ನೋಡಲು ಚೆಂದ, ಕುಣಿತದಲ್ಲಿ ನಿಪುಣರು, ಕೈಯಲ್ಲಿ ಕಾಸಿಲ್ಲ. 1988ರಲ್ಲಿ ಅವರಿಗೆ ಫ್ರಾಂಕ್ ಫೇರಿಯನ್ ಎಂಬ ಜರ್ಮನ್ ನಿರ್ಮಾಪಕನ ಒಪ್ಪಂದ ಸಿಕ್ಕಿತು.

ಫೇರಿಯನ್ ಹೆಸರು ನೀವು ಕೇಳಿರಲಿಕ್ಕಿಲ್ಲ. ಆದರೆ ಅವನ ಹಾಡು ನಿಮ್ಮ ತಂದೆತಾಯಿ ಕೇಳಿರುತ್ತಾರೆ. ಎಪ್ಪತ್ತರ ದಶಕದಲ್ಲಿ ನಮ್ಮ ದೇಶದಲ್ಲೂ ಕ್ಯಾಸೆಟ್‌ಗಳು ಬಿಸಿ ದೋಸೆಯಂತೆ ಖರ್ಚಾದ ‘ಬೋನಿ ಎಂ’ ತಂಡ ಅವನದೇ. ಅದರಲ್ಲಿ ಕುಣಿಯುತ್ತಿದ್ದ ಬಾಬಿ ಫ್ಯಾರೆಲ್‌ನ ತುಟಿಯಿಂದ ಬರುತ್ತಿದ್ದ ಗಡಸು ಗಂಡುದನಿ ಧ್ವನಿಮುದ್ರಿಕೆಗಳಲ್ಲಿ ಫೇರಿಯನ್‌ನದು. ಹಾಡಲು ಒಬ್ಬರು, ಕಾಣಲು ಒಬ್ಬರು ಎಂಬ ಸೂತ್ರ ಅವನಿಗೆ ಹೊಸದಲ್ಲ.

ಮಿಲ್ಲಿ ವನಿಲ್ಲಿಯ ಹಾಡುಗಳನ್ನು ಸ್ಟುಡಿಯೋದಲ್ಲಿ ಹಾಡಿದವರು ಬ್ರಾಡ್ ಹೋವೆಲ್, ಜಾನ್ ಡೇವಿಸ್, ಚಾರ್ಲ್ಸ್ ಶಾ ಮುಂತಾದವರು. ಕಸುಬು ಬಲ್ಲ ಗಾಯಕರು. ಆದರೆ ಟಿವಿಗೆ ತಕ್ಕ ಮುಖ ಅವರದಲ್ಲ ಎಂಬುದು ನಿರ್ಮಾಪಕನ ಲೆಕ್ಕಾಚಾರ. ಅಮೆರಿಕದಲ್ಲಿ ಬಿಡುಗಡೆಯಾದ ಆಲ್ಬಂನ ಹೊದಿಕೆಯಲ್ಲಿ ಗಾಯಕರೆಂದು ಅಚ್ಚಾದ ಹೆಸರುಗಳು ರಾಬ್ ಮತ್ತು ಫ್ಯಾಬ್. 1989ರಲ್ಲಿ ಅವರ ಮೂರು ಹಾಡುಗಳು ಅಮೆರಿಕದ ಪಟ್ಟಿಯಲ್ಲಿ ಒಂದನೆಯ ಸ್ಥಾನ ಮುಟ್ಟಿದವು. ಲಕ್ಷಗಟ್ಟಲೆ ಪ್ರತಿಗಳು ಮಾರಾಟವಾದವು.

1989ರ ಜುಲೈನಲ್ಲಿ ಕನೆಕ್ಟಿಕಟ್ ರಾಜ್ಯದ ಬ್ರಿಸ್ಟಲ್ ಎಂಬಲ್ಲಿ ಕಾರ್ಯಕ್ರಮ. ಸಾವಿರಾರು ಜನ ಸೇರಿದ್ದರು. ನಡುವೆ ಮುದ್ರಿಕೆ ಸಿಕ್ಕಿಹಾಕಿಕೊಂಡು ಒಂದೇ ಸಾಲಿನ ತುಣುಕು ಮತ್ತೆ ಮತ್ತೆ ಬರತೊಡಗಿತು. ಗಾಬರಿಯಾದ ರಾಬ್ ವೇದಿಕೆಯಿಂದ ಓಡಿದ. ಅಚ್ಚರಿಯೆಂದರೆ ಅಲ್ಲಿದ್ದ ಜನ ಅದನ್ನು ದೊಡ್ಡದು ಮಾಡಲಿಲ್ಲ. ಅದೇ ವರ್ಷದ ಕೊನೆಯಲ್ಲಿ ಚಾರ್ಲ್ಸ್ ಶಾ ಪತ್ರಕರ್ತರೊಬ್ಬರಿಗೆ ನಿಜ ಹೇಳಿ, ಆಮೇಲೆ ಹೇಳಿಕೆಯನ್ನು ಹಿಂತೆಗೆದುಕೊಂಡರು. 1990ರ ಫೆಬ್ರವರಿಯಲ್ಲಿ ಅತ್ಯುತ್ತಮ ಹೊಸ ಕಲಾವಿದರೆಂದು ಗ್ರ್ಯಾಮಿ ಪ್ರಶಸ್ತಿ ಬಂತು.

ಮುಂದಿನ ಆಲ್ಬಂನಲ್ಲಿ ನಾವೇ ಹಾಡುತ್ತೇವೆ ಎಂದು ಯುವಕರು ಹಟ ಹಿಡಿದರು. ಫೇರಿಯನ್ ಒಪ್ಪಲಿಲ್ಲ. ನವೆಂಬರ್‌ನಲ್ಲಿ ಆತನೇ ಗುಟ್ಟು ಬಯಲು ಮಾಡಿದ. ಪ್ರಶಸ್ತಿ ಹೋಯಿತು. ನಗೆಹನಿಗಳ ಸುರಿಮಳೆಯಾಯಿತು. ಮೊಕದ್ದಮೆಗಳು ಬಿದ್ದು, ಸಿಡಿ, ಕ್ಯಾಸೆಟ್, ಟಿಕೆಟ್ ಕೊಂಡಿದ್ದವರಿಗೆ ಹಣದ ಒಂದು ಭಾಗ ಹಿಂತಿರುಗಿಸುವ ಒಪ್ಪಂದವಾಯಿತು. ರಾಬ್ ಮತ್ತು ಫ್ಯಾಬ್ ತಮ್ಮದೇ ದನಿಯಲ್ಲಿ 1993ರಲ್ಲಿ ತಂದ ಆಲ್ಬಂ ಯಾರಿಗೂ ಬೇಕಾಗಲಿಲ್ಲ. ಮಾದಕ ವಸ್ತು, ಜೈಲು ಎಂದು ಕುಸಿದ ರಾಬ್ 1998ರ ಏಪ್ರಿಲ್‌ನಲ್ಲಿ ಫ್ರಾಂಕ್‌ಫರ್ಟ್ ಬಳಿಯ ಹೋಟೆಲೊಂದರಲ್ಲಿ ಶವವಾಗಿ ಸಿಕ್ಕಿದ.

ಇಡೀ ಕಥೆಯಲ್ಲಿ ಶಿಕ್ಷೆ ಯಾರಿಗಾಯಿತು ನೋಡಿ. ಮುಖ ತೋರಿಸಿದ ಇಬ್ಬರಿಗೆ. ಯೋಜನೆ ಹೂಡಿದ ನಿರ್ಮಾಪಕ 2024ರಲ್ಲಿ ತೀರಿಕೊಳ್ಳುವವರೆಗೂ ಯಶಸ್ವಿ ವ್ಯಾಪಾರಿಯಾಗಿಯೇ ಉಳಿದ. ಹಾಡಿದವರೋ? 1991ರಲ್ಲಿ ‘ನಿಜವಾದ ಮಿಲ್ಲಿ ವನಿಲ್ಲಿ’ ಎಂಬ ಹಣೆಪಟ್ಟಿ ಹಚ್ಚಿ ಅವರನ್ನು ಮುಂದೆ ತರಲಾಯಿತು. ಆ ಹೊತ್ತಿಗೆ ತಡವಾಗಿತ್ತು. ಒಂದೇ ಸಮಾಧಾನವೆಂದರೆ, 2010ರ ದಶಕದಲ್ಲಿ ಫ್ಯಾಬ್ ಮೋರ್ವನ್ ಮತ್ತು ಜಾನ್ ಡೇವಿಸ್ ಒಂದೇ ವೇದಿಕೆಯಲ್ಲಿ ನಿಂತು ಜೊತೆಯಾಗಿ ಹಾಡಿದರು. ಡೇವಿಸ್ 2021ರಲ್ಲಿ ಕೋವಿಡ್‌ನಿಂದ ತೀರಿಕೊಂಡರು.

ಏಳು ವರ್ಷದ ಹುಡುಗಿ

ಇನ್ನೊಂದು ಘಟನೆ ನನಗೆ ಇದಕ್ಕಿಂತ ನೋವಿನದಾಗಿ ಕಾಣುತ್ತದೆ. 2008ರ ಆಗಸ್ಟ್ 8, ಬೀಜಿಂಗ್ ಒಲಿಂಪಿಕ್ಸ್ ಉದ್ಘಾಟನೆ. ಕೆಂಪು ಲಂಗ ತೊಟ್ಟ ಒಂಬತ್ತು ವರ್ಷದ ಲಿನ್ ಮಿಯಾಕೆ ದೇಶಭಕ್ತಿ ಗೀತೆ ಹಾಡುವಂತೆ ಕಂಡಳು. ಜಗತ್ತು ಮೆಚ್ಚಿತು. ನಾಲ್ಕೈದು ದಿನಗಳಲ್ಲಿ ಸಮಾರಂಭದ ಸಂಗೀತ ನಿರ್ದೇಶಕ ಚೆನ್ ಚಿಗಾಂಗ್ ರೇಡಿಯೋ ಸಂದರ್ಶನದಲ್ಲಿ ನಿಜ ಹೇಳಿದರು. ದನಿ ಏಳು ವರ್ಷದ ಯಾಂಗ್ ಪೇಯಿ ಎಂಬ ಹುಡುಗಿಯದು. ಅವಳ ದನಿ ಚೆಂದ, ಆದರೆ ದೇಶದ ಮುಖವಾಗಿ ತೋರಿಸಲು ಅವಳ ರೂಪ ಸಾಲದು ಎಂದು ಮೇಲಿನವರು ತೀರ್ಮಾನಿಸಿದ್ದರು. ಅವಳ ತಪ್ಪು? ಓರೆಕೋರೆಯಾಗಿದ್ದ ಹಲ್ಲು. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವ ವಯಸ್ಸು ಅದು!

ಲಿನ್‌ಳದೂ ತಪ್ಪಿಲ್ಲ, ಅವಳೂ ಮಗು. ತಪ್ಪು, ಇಬ್ಬರು ಮಕ್ಕಳನ್ನು ಹೀಗೆ ತುಂಡು ಮಾಡಿ ಅಂಟಿಸಿದ ದೊಡ್ಡವರದು. ಇಬ್ಬರನ್ನೂ ಕೈಹಿಡಿಸಿ ನಿಲ್ಲಿಸಿದ್ದರೆ ಯಾರ ಗಂಟು ಹೋಗುತ್ತಿತ್ತು?

ಕಾನೂನು ಏನೆನ್ನುತ್ತದೆ?

ಕೆಲವರು ಇದನ್ನು ನಿಷೇಧದಿಂದ ಸರಿಪಡಿಸಲು ಹೊರಟದ್ದುಂಟು. 2005ರಲ್ಲಿ ತುರ್ಕಮೆನಿಸ್ತಾನದ ಅಧ್ಯಕ್ಷ ನಿಯಾಜೊವ್ ಮುದ್ರಿತ ದನಿಗೆ ತುಟಿ ಆಡಿಸುವುದನ್ನೇ ನಿಷೇಧಿಸಿದರು. ಆ ನಿಷೇಧ ಮದುವೆ ಸಮಾರಂಭಗಳಿಗೂ ಅನ್ವಯ! ಇಂಥ ಫರ್ಮಾನಿನಿಂದ ಕಲೆಗೂ ಲಾಭವಿಲ್ಲ, ಕಲಾವಿದನಿಗೂ ಲಾಭವಿಲ್ಲ.

ನಮ್ಮ ದೇಶದ ಕಾನೂನು ಹಿಡಿದ ದಾರಿ ಹೆಚ್ಚು ವಿವೇಕದ್ದು. ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ಆದ ತಿದ್ದುಪಡಿ ಹಾಡುವವರು, ನುಡಿಸುವವರಿಗೆ ‘ಪ್ರದರ್ಶಕರ ಹಕ್ಕು’ ಕೊಟ್ಟಿತು. 2012ರ ತಿದ್ದುಪಡಿ ಇನ್ನೂ ಮುಂದೆ ಹೋಗಿ 38-ಬಿ ಎಂಬ ವಿಧಿ ಸೇರಿಸಿತು. ಈ ಪ್ರದರ್ಶನ ನನ್ನದು ಎಂದು ಹೆಸರಿಸಿಕೊಳ್ಳುವ ಹಕ್ಕು ಕಲಾವಿದನಿಗಿದೆ ಎಂದು ಅದು ಹೇಳುತ್ತದೆ. ಬಳಕೆಯ ಸ್ವರೂಪದಿಂದಾಗಿ ಹೆಸರು ಕೈಬಿಡಲೇಬೇಕಾದ ಸಂದರ್ಭ ಮಾತ್ರ ಇದಕ್ಕೆ ಹೊರತು. ಇದೇ ತಿದ್ದುಪಡಿ ವಾಣಿಜ್ಯ ಬಳಕೆಯಲ್ಲಿ ಗೌರವಧನದ ಹಕ್ಕನ್ನೂ ಕೊಟ್ಟಿದೆ. ಮರುವರ್ಷ ಗಾಯಕರೇ ಸೇರಿ ಗಾಯಕರ ಹಕ್ಕುಗಳ ಸಂಘ ಕಟ್ಟಿಕೊಂಡರು. ಹೆಸರಿಲ್ಲದ ಕಡೆ ಹಣವೂ ಬಾರದು ಎಂಬುದು ಅವರಿಗೆ ಅನುಭವದಿಂದ ಗೊತ್ತು.

ಈ ಹಕ್ಕು ಇಂದು ಹಿಂದೆಂದಿಗಿಂತ ಮುಖ್ಯವಾಗಿದೆ. ಕೃತಕ ಬುದ್ಧಿಮತ್ತೆಯ ಯಂತ್ರಗಳು ಈಗ ಗಾಯಕನಿಲ್ಲದೆಯೇ ಅವನ ದನಿಯನ್ನು ಹಾಡಿಸುತ್ತವೆ. 2024ರಲ್ಲಿ ಎ.ಆರ್. ರೆಹಮಾನ್ ‘ಲಾಲ್ ಸಲಾಂ’ ಎಂಬ ತಮಿಳು ಚಿತ್ರಕ್ಕೆ, ತೀರಿಕೊಂಡಿದ್ದ ಬಂಬಾ ಬಾಕ್ಯ ಮತ್ತು ಶಾಹುಲ್ ಹಮೀದ್ ಅವರ ದನಿಗಳನ್ನು ಹೀಗೆ ಬಳಸಿದರು. ಕುಟುಂಬದವರ ಒಪ್ಪಿಗೆ ಪಡೆದು, ಸಂಭಾವನೆ ಕೊಟ್ಟು, ಬಹಿರಂಗವಾಗಿ ಹೇಳಿದರು. ಅದೇ ವರ್ಷ ಗಾಯಕ ಅರಿಜಿತ್ ಸಿಂಗ್ ತಮ್ಮ ದನಿಯನ್ನು ಅನುಮತಿಯಿಲ್ಲದೆ ನಕಲು ಮಾಡುವವರ ವಿರುದ್ಧ ಬಾಂಬೆ ಹೈಕೋರ್ಟಿಗೆ ಹೋಗಿ ರಕ್ಷಣೆ ಪಡೆದರು. ಯಂತ್ರ ಎರಡೂ ಕಡೆ ಒಂದೇ. ಒಂದು ಕಡೆ ಕೇಳಿ ಪಡೆದದ್ದು, ಇನ್ನೊಂದು ಕಡೆ ಕದ್ದದ್ದು.

ಆದ್ದರಿಂದ ಮಿತ್ರರೇ, ‘ಅವರು ನಿಜವಾಗಿ ಹಾಡಿದರೇ?’ ಎಂಬುದು ಅರ್ಧ ಪ್ರಶ್ನೆ ಮಾತ್ರ. ‘ಹಾಡಿದವರು ಯಾರು, ಅವರ ಹೆಸರು ಎಲ್ಲಿದೆ, ಅವರಿಗೆ ಏನು ಸಿಕ್ಕಿತು?’ ಎಂಬುದನ್ನೂ ಸೇರಿಸಿ ಕೇಳಿದರೆ ಪ್ರಶ್ನೆ ಪೂರ್ತಿಯಾಗುತ್ತದೆ. ತುಟಿ ಒಬ್ಬರದು, ದನಿ ಇನ್ನೊಬ್ಬರದು ಆಗಬಹುದು. ಎರಡೂ ಕಸುಬೇ. ದನಿಯ ಒಡೆಯರನ್ನು ಅಳಿಸಿಹಾಕಿದಾಗ ಅದು ವಂಚನೆಯಾಗುತ್ತದೆ, ಕೇಳುಗನಿಗೆ ಒಮ್ಮೆ, ಹಾಡಿದವರಿಗೆ ಜೀವನವಿಡೀ.

ನಿಮ್ಮ ವಾರ್ಷಿಕೋತ್ಸವಕ್ಕೂ ಇದು ಅನ್ವಯಿಸುತ್ತದೆ. ಚಿತ್ರಗೀತೆಗೆ ಕುಣಿಯುವ ತಂಡಗಳ ಹೆಸರು ಕರೆಯುವಾಗ ನಿರೂಪಕರು ಒಂದು ಸಾಲು ಹೆಚ್ಚಿಗೆ ಹೇಳಲಿ. ಹಾಡಿದವರು ಇಂಥವರು, ಸಂಗೀತ ಇಂಥವರದು, ಸಾಹಿತ್ಯ ಇಂಥವರದು ಎಂದು. ಅದಕ್ಕೆ ಹತ್ತು ಸೆಕೆಂಡೂ ಬೇಕಾಗುವುದಿಲ್ಲ.